ನಾಮಾಂತರದಿಂದ ಋಣವಿಮೋಚನೆಯುಂಟೆ?

ಪ್ರಾಚೀನ ಧರ್ಮಶಾಸ್ತ್ರಕಾರರು ರಾಜಸಭೆಯ ಮುಂದೆ ಬರತಕ್ಕ ವ್ಯಾಜ್ಯಗಳನ್ನೆಲ್ಲ ಹದಿನೆಂಟು ವ್ಯವಹಾರಪದಗಳಾಗಿ ವಿಂಗಡಿಸಿದರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಬರುವ ಆ ಪಟ್ಟಿಯಲ್ಲಿ ಸಾಲವನ್ನು ತೀರಿಸದಿರುವುದು ಮೊದಲನೆಯದು. ದುಡಿದವನಿಗೆ ವೇತನವನ್ನು ಕೊಡದಿರುವುದು ಆರನೆಯದು. ಕಳವು, ಸಾಹಸ ಮೊದಲಾದ ಅಪರಾಧಗಳ ಹೆಸರು ಬರುವುದಕ್ಕೆ ಮುಂಚೆಯೇ ಇದರ ಹೆಸರು ಬಂದಿದೆ. ಪಟ್ಟಿಯ ಕ್ರಮವೊಂದರಿಂದಲೇ ಪಾಪದ ತಾರತಮ್ಯವನ್ನು ನಿರ್ಣಯಿಸಲಾಗದು. ಆದರೂ ಒಂದು ಮಾತು ನಿಶ್ಚಯ: ಕೂಲಿಯ ಬಾಕಿಯು ಒಡೆಯನ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ರಾಜನು ವಿಚಾರಿಸಿ ತೀರ್ಮಾನಿಸಬೇಕಾದ ವಿಷಯವೆಂಬುದು ಆ ಕಾಲಕ್ಕೇ ಸಿದ್ಧವಾಗಿದ್ದಿತು.

ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಕರ್ಮಕರರ ವಿಷಯವನ್ನು ಹೇಳುವಾಗ, ಮೊದಲೇ ವೇತನವನ್ನು ಗೊತ್ತುಮಾಡಿಕೊಳ್ಳದೆ ದುಡಿದವನಿಗೂ ಪಾಲಿಲ್ಲದೆ ಹೋಗಬಾರದೆಂದು, ಬೇಸಾಯಗಾರನಿಗೆ ಬೆಳೆಯಲ್ಲಿಯೂ ದನಕಾಯುವವನಿಗೆ ತುಪ್ಪದಲ್ಲಿಯೂ ವ್ಯಾಪಾರದ ಆಳಿಗೆ ಸರಕಿನಲ್ಲಿಯೂ ಹತ್ತನೆಯ ಒಂದು ಭಾಗವನ್ನು ವಿಧಿಸಿದನು. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೂ ಇಂಥದೇ ನಿಯಮವಿದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣಪಟ್ಟಣದಲ್ಲಿದ್ದವನು. ಮುಂದೆ ಶರಣರು ಕಾಯಕದ ಮಹಿಮೆಯನ್ನು ಸಾರಿದುದೂ ಅದೇ ಕಲ್ಯಾಣದಲ್ಲಿ. ದುಡಿಮೆಯು ಪೂಜ್ಯವೆಂಬ ಮಾತೂ, ದುಡಿದುದಕ್ಕೆ ಪ್ರತಿಫಲವು ಸಲ್ಲಲೇಬೇಕೆಂಬ ಮಾತೂ, ಹೀಗೆ ಒಂದೇ ಊರಿನಲ್ಲಿ ಒಂದರ ಬೆನ್ನಿಗೊಂದು ಕೇಳಿಬಂದುದು ಕನ್ನಡಿಗರು ನೆನೆಯತಕ್ಕ ಸಂಗತಿ. ಆ ಪ್ರಾಚೀನ ಗ್ರಂಥಗಳಲ್ಲಿ ದಾಸ್ಯಕ್ಕೂ ವರ್ಣಭೇದಕ್ಕೂ ಎಡೆಯಿದ್ದುದನ್ನು ಮರೆಮಾಚಬೇಕಾದುದಿಲ್ಲ. ಅವುಗಳಲ್ಲಿರುವುದೆಲ್ಲವೂ ಇಂದಿಗೆ ಗ್ರಾಹ್ಯವಲ್ಲ. ಆದರೆ ಕೂಲಿಯ ವಿಷಯದಲ್ಲಿ ಅವು ಮಾಡಿದ ಒಂದು ಸೂಕ್ಷ್ಮವಾದ ಭೇದವು ಇಂದಿನ ಪ್ರಶ್ನೆಗೆ ಬಹಳ ಹತ್ತಿರವಾಗಿದೆ.

ಆ ಭೇದವಾವುದೆಂದರೆ, ಕೌಟಿಲ್ಯನು ವೇತನವನ್ನು ಕೊಡದವನಿಗೆ ಒಂದು ದಂಡವನ್ನೂ, ವೇತನದ ಬಾಧ್ಯತೆಯನ್ನೇ ಅಲ್ಲಗಳೆಯುವವನಿಗೆ ಅದರ ಇಮ್ಮಡಿ ದಂಡವನ್ನೂ ಹೇಳಿರುವನು. ಮೊದಲನೆಯವನಿಗೆ ಹತ್ತರಲ್ಲಿ ಒಂದು ಭಾಗ, ಎರಡನೆಯವನಿಗೆ ಐದರಲ್ಲಿ ಒಂದು ಭಾಗ. ಕೈಯಲ್ಲಿ ಹಣವಿಲ್ಲದೆ ತಡಮಾಡಿದವನು ಸಾಲಗಾರನು ಮಾತ್ರ. ಸಾಲವೇ ಇಲ್ಲವೆನ್ನುವವನು ಸಾಲಗಾರನೂ ಹೌದು, ಅನೃತವಾದಿಯೂ ಹೌದು. ಇಂದಿನ ಕಾಲದಲ್ಲಿ ಎರಡನೆಯ ಬಗೆಯವರೇ ಹೆಚ್ಚಾಗಿರುವರು. ಆದರೆ ಅವರ ನಿರಾಕರಣೆಯು ಒರಟಾದುದಲ್ಲ. "ನೀನು ದುಡಿಯಲಿಲ್ಲ" ಎಂದು ಅವರು ಹೇಳುವುದಿಲ್ಲ, "ನೀನು ದುಡಿದೆ, ಆದರೆ ನನ್ನ ಆಳಾಗಿ ಅಲ್ಲ, ನೀನು ಸ್ವತಂತ್ರನಾದ ವ್ಯಾಪಾರಿ, ಗುತ್ತಿಗೆದಾರ, ಪಾಲುಗಾರ" ಎಂದು ಹೇಳುವರು. ಹೆಸರನ್ನು ಬದಲಾಯಿಸಿದೊಡನೆ ಕನಿಷ್ಠ ಕೂಲಿ, ರಜಾದಿನದ ವೇತನ, ಭವಿಷ್ಯನಿಧಿ, ಉಪದಾನ, ಅಪಘಾತದ ಪರಿಹಾರ ಇವೆಲ್ಲವೂ ಒಮ್ಮೆಗೇ ಮಾಯವಾಗುವುವು. ಹೀಗೆ ಹೆಸರನ್ನು ಬದಲಾಯಿಸುವುದರಿಂದ ಋಣವು ತೀರುವುದೇ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಈ ಪ್ರಶ್ನೆಯನ್ನು ನಿರಾಧಾರವಾಗಿ ಚರ್ಚಿಸುವುದಕ್ಕಿಂತ, ಕನ್ನಡ ನಾಡಿನ ಕರಾವಳಿಯಲ್ಲಿ ಮನೆಮನೆಯಲ್ಲಿಯೂ ಕಂಡುಬಂದ ಒಂದು ಕಸುಬನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಉತ್ತಮ. ದಕ್ಷಿಣ ಕನ್ನಡ ಮತ್ತು ಉಡುಪಿಯ ಹಳ್ಳಿಗಳಲ್ಲಿ ಬೀಡಿ ಕಟ್ಟುವುದರಿಂದ ಮಕ್ಕಳ ಫೀಜು, ಹೆಣ್ಣುಮಕ್ಕಳ ಮದುವೆ, ಹಂಚಿನ ಮಾಡು ಇವುಗಳನ್ನು ಸಾಗಿಸಿದ ಹೆಂಗಸರು ಅಸಂಖ್ಯರು. ಬೀಡಿಯ ಎಲೆ, ಹೊಗೆಸೊಪ್ಪು, ನೂಲು ಇವು ಕಂಪೆನಿಯಿಂದ ಬರುವುವು. ಊರಿನ ಕಂಟ್ರಾಕ್ಟರನು ಅವನ್ನು ತೂಗಿ ಕೊಡುವನು. ಮನೆಯಲ್ಲಿ ಎಲೆಯನ್ನು ನೆನೆಯಿಸಿ, ಅಳತೆಗೆ ಸರಿಯಾಗಿ ಕತ್ತರಿಸಿ, ಮೊರವನ್ನು ತೊಡೆಯ ಮೇಲಿರಿಸಿಕೊಂಡು, ಸೊಪ್ಪನ್ನು ತುಂಬಿ ಸುರುಳಿ ಸುತ್ತಿ, ತುದಿಯನ್ನು ಮಡಿಸಿ ನೂಲು ಕಟ್ಟುವರು. ಕೂಲಿಯು ಸಾವಿರದ ಲೆಕ್ಕದಲ್ಲಿ. ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಒಯ್ದರೆ ಅಲ್ಲಿ ಪರೀಕ್ಷೆಯಾಗುವುದು. ಚೆನ್ನಾಗಿಲ್ಲವೆಂದು ತೋರಿದುದನ್ನು ತಳ್ಳಿಬಿಡುವರು. ಕೊಟ್ಟ ಎಲೆಯು ಸಾವಿರಕ್ಕೆ ಸಾಲದೆ ಹೋದರೆ ಕೊರತೆಯನ್ನು ಕಟ್ಟುವವಳೇ ತನ್ನ ಹಣದಿಂದ ತುಂಬಬೇಕಾಗುವುದೂ ಉಂಟು.

ಈ ಹೆಂಗಸು ಯಾರು? ಕಂಪೆನಿಯ ಕೆಲಸದವಳೆ, ಅಲ್ಲವೆ? ಅಲ್ಲವೆಂದು ತೋರಿಸುವುದಕ್ಕಾಗಿ ಆ ವ್ಯಾಪಾರದಲ್ಲಿ ಬಗೆಬಗೆಯ ಉಪಾಯಗಳು ಹುಟ್ಟಿದುವು. ಮೊದಲನೆಯದು, ನಡುವೆ ಕಂಟ್ರಾಕ್ಟರನನ್ನು ನಿಲ್ಲಿಸುವುದು: ಕೇಳುವುದಿದ್ದರೆ ಅವನನ್ನು ಕೇಳು ಎಂದು ಕಂಪೆನಿಯು ಹೇಳುವುದು, ನಾನು ಕಂಪೆನಿಯ ಆಜ್ಞಾಧಾರಕನೆಂದು ಅವನು ಹೇಳುವನು. ಎರಡನೆಯದು ಇನ್ನೂ ಜಾಣತನದ್ದು. ಎಲೆಸೊಪ್ಪುಗಳನ್ನು "ಮಾರಿದಂತೆ"ಯೂ ಕಟ್ಟಿದ ಬೀಡಿಯನ್ನು "ಕೊಂಡಂತೆ"ಯೂ ಲೆಕ್ಕ ಬರೆಯುವುದು. ಕಾಗದದ ಮೇಲೆ ಅಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ. ಇಬ್ಬರು ವ್ಯಾಪಾರಿಗಳು ಮಾತ್ರ. ಆದರೆ ಈ ವ್ಯಾಪಾರಿಯು ಕೊಳ್ಳುವ ಬೆಲೆಯನ್ನು ತಾನು ಚೌಕಾಸಿ ಮಾಡಲಾರಳು, ಮಾರುವ ಬೆಲೆಯನ್ನು ತಾನು ಹೇಳಲಾರಳು, ಬೇರೆಯವರಿಗೆ ಮಾರಲಾರಳು. ಮೂವತ್ತು ವರ್ಷ ಇಂಥ ವ್ಯಾಪಾರವನ್ನು ನಡೆಸಿ, ಬೆರಳುಗಳು ಸವೆದು, ಕಣ್ಣು ಮಂಜಾಗಿ, ಹೊಗೆಸೊಪ್ಪಿನ ಧೂಳಿನಿಂದ ಕೆಮ್ಮು ಹಿಡಿದ ಮೇಲೆ, ಭವಿಷ್ಯನಿಧಿಯ ಲೆಕ್ಕದಲ್ಲಿ ತನ್ನ ಹೆಸರೇ ಇಲ್ಲವೆಂದು ತಿಳಿದುಬಂದರೆ, ಅವಳು ಯಾವ ವ್ಯಾಪಾರದಲ್ಲಿ ನಷ್ಟಪಟ್ಟಳೆಂದು ಹೇಳಬೇಕು?

ಇಲ್ಲಿ ನ್ಯಾಯಶಾಸ್ತ್ರದ ಒಂದು ಪದ್ಧತಿಯು ಉಪಕಾರಕ್ಕೆ ಬರುವುದು. ಯಾವ ವಸ್ತುವಿಗಾದರೂ ಲಕ್ಷಣವನ್ನು ಹೇಳುವಾಗ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಟ್ಟದಂತೆ ಹೇಳಬೇಕೆಂದು ನೈಯಾಯಿಕರು ವಿಧಿಸಿರುವರು. ಲಕ್ಷಣವು ಸರಿಯಾಗಿದ್ದರೆ ಹೆಸರು ತಾನಾಗಿಯೇ ಸರಿಹೋಗುವುದು. ಹೆಸರನ್ನು ಮೊದಲಿಟ್ಟು ಲಕ್ಷಣವನ್ನು ಅದಕ್ಕೆ ಹೊಂದಿಸುವುದು ವಿಪರೀತ ಮಾರ್ಗ. ಹಾಗಾದರೆ ಸ್ವತಂತ್ರ ವ್ಯಾಪಾರಿಯ ಲಕ್ಷಣವೇನು? ಸಂತೆಯಲ್ಲಿ ಮಡಕೆ ಮಾರುವ ಕುಂಬಾರನನ್ನು ನೋಡಬಹುದು. ತಿಗರಿಯು ಅವನದು, ಮಣ್ಣು ಅವನದು. ಮಡಕೆಯ ಬೆಲೆಯನ್ನು ಅವನೇ ಹೇಳುವನು. ಗಿರಾಕಿಯು ಒಪ್ಪದಿದ್ದರೆ ಇನ್ನೊಬ್ಬನಿಗೆ ಮಾರುವನು. ಒಬ್ಬನು ಬೇಡವೆಂದು ತಳ್ಳಿದ ಮಡಕೆಯು ಕುಂಬಾರನ ಬಳಿಯಲ್ಲಿಯೇ ಉಳಿಯುವುದು. ಹಬ್ಬದ ಮುಂದೆ ಹೆಚ್ಚು ಲಾಭವಾದರೆ ಆ ಲಾಭವೂ ಅವನದೇ. ಮಳೆಯಲ್ಲಿ ಆವಿಗೆ ಕೆಟ್ಟರೆ ನಷ್ಟವೂ ಅವನದೇ. ಒಬ್ಬ ಗಿರಾಕಿಯು ಮುನಿದರೆ ಅವನ ಕಸುಬು ನಿಲ್ಲುವುದಿಲ್ಲ.

ಈ ಲಕ್ಷಣಗಳಲ್ಲಿ ಸ್ವಂತ ಉಪಕರಣ, ಸ್ವಂತ ವೇಳೆ ಎಂಬುವನ್ನು ಮಾತ್ರ ಎತ್ತಿಕೊಂಡರೆ ಅತಿವ್ಯಾಪ್ತಿಯಾಗುವುದು. ಕೊಡಲಿಯನ್ನು ಹೆಗಲ ಮೇಲಿಟ್ಟು ಬರುವ ಸೌದೆ ಒಡೆಯುವವನೂ, ಕತ್ತರಿಯನ್ನು ತಾನೇ ಕೊಂಡ ಬೀಡಿ ಕಟ್ಟುವವಳೂ ವ್ಯಾಪಾರಿಗಳೆನಿಸಿಬಿಡುವರು. ಮುಖ್ಯವಾದ ಲಕ್ಷಣಗಳು ಮೂರು: ಬೆಲೆಯನ್ನು ಯಾರು ಕಟ್ಟುವರು, ಗಿರಾಕಿಯು ಯಾರವನು, ತಳ್ಳಿದ ಮಾಲು ಯಾರದು? ಬೀಡಿಯ ವಿಷಯದಲ್ಲಿ ಮೂರನೆಯ ಪ್ರಶ್ನೆಯೊಂದೇ ಸಾಕು. ತಳ್ಳಿದ ಬೀಡಿಗೆ ಕೂಲಿಯಿಲ್ಲ, ಆ ಬೀಡಿಯೂ ಅವಳಿಗೆ ಹಿಂದಕ್ಕೆ ಬಾರದು. ವ್ಯಾಪಾರಿಯ ನಷ್ಟವು ಅವಳಿಗುಂಟು, ವ್ಯಾಪಾರಿಯ ಸ್ವತ್ತು ಅವಳಿಗಿಲ್ಲ. ಆಳಿನ ಅಧೀನತೆಯೂ ಒಡೆಯನ ಅಪಾಯವೂ ಒಬ್ಬಳ ತಲೆಯ ಮೇಲೆಯೇ ಬಿದ್ದಂತಾಯಿತು.

ಭಾರತದ ಸರ್ವೋಚ್ಚ ನ್ಯಾಯಾಲಯವೂ ಈ ಹಾದಿಯಲ್ಲಿಯೇ ನಿಧಾನವಾಗಿ ನಡೆದು ಬಂದಿತು. 1956ರಲ್ಲಿ ಸೌರಾಷ್ಟ್ರದ ಧ್ರಾಂಗಧ್ರಾ ಕೆಮಿಕಲ್ ವರ್ಕ್ಸಿನ ಉಪ್ಪಿನ ಕೆಲಸಗಾರರ ವ್ಯಾಜ್ಯವು ಅದರ ಮುಂದೆ ಬಂದಿತು. ಕಚ್ಛದ ಚಿಕ್ಕ ರಣದ ಅಂಚಿನಲ್ಲಿ ಉಪ್ಪು ತೆಗೆಯುವ ಅಗರಿಯರು ತಮ್ಮ ಹೆಂಡತಿ ಮಕ್ಕಳನ್ನೂ ಕೆಲವೊಮ್ಮೆ ಕೂಲಿಯವರನ್ನೂ ಕರೆತಂದು ದುಡಿಯುತ್ತಿದ್ದರು. ಅವರಿಗೆ ಗೊತ್ತಾದ ವೇಳೆಯಿರಲಿಲ್ಲ. ಉಪ್ಪಿನ ತೂಕದ ಮೇಲೆ ಹಣ. ಆದುದರಿಂದ ಅವರು ಸ್ವತಂತ್ರ ಗುತ್ತಿಗೆದಾರರೆಂದು ಕಂಪೆನಿಯ ವಾದ. ಆದರೆ ಉಪ್ಪಿನ ಪಾತಿಯನ್ನು ಸಿದ್ಧಪಡಿಸುವುದರಿಂದ ಹಿಡಿದು ಕೊನೆಯವರೆಗೆ ಕಂಪೆನಿಯ ಅಧಿಕಾರಿಗಳು ನೋಡಿಕೊಳ್ಳುತ್ತಿದ್ದರು. ಕಂಪೆನಿಯು ತಳ್ಳಿದ ಉಪ್ಪನ್ನು ಅಗರಿಯರು ಒಯ್ಯುವಂತೆಯೂ ಇರಲಿಲ್ಲ, ಮಾರುವಂತೆಯೂ ಇರಲಿಲ್ಲ. ಅವರು ಕಾರ್ಮಿಕರೇ ಎಂದು ನ್ಯಾಯಾಲಯವು ತೀರ್ಮಾನಿಸಿತು. ಮುಂದೆ 1958ರಲ್ಲಿ ಮಧ್ಯಪ್ರದೇಶದ ಬೀಡಿ ವ್ಯಾಪಾರದ ಮೊಕದ್ದಮೆಯೊಂದರಲ್ಲಿ, ಸಟ್ಟೇದಾರರು ಸ್ವತಂತ್ರ ಗುತ್ತಿಗೆದಾರರೆಂದೂ, ಕಾರ್ಖಾನೆಯ ಶಾಸನದ ಪ್ರಕಾರ ಕಾರ್ಮಿಕರಲ್ಲವೆಂದೂ ಅದೇ ನ್ಯಾಯಾಲಯವು ಹೇಳಿತು. ನಿಯಮವು ಹೀಗೆ ಸಡಿಲವಾಗಿದ್ದುದನ್ನು ಕಂಡು ಸಂಸತ್ತು 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಶಾಸನವನ್ನು ಮಾಡಿ, ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು ಸ್ಪಷ್ಟವಾಗಿ ಎಣಿಸಿತು. ನಡುವೆ ಎಷ್ಟು ಜನ ಕಂಟ್ರಾಕ್ಟರರಿದ್ದರೂ ಅವರ ಹಿಂದಿರುವ ಮೂಲ ಒಡೆಯನನ್ನು ಹೊಣೆಮಾಡಿತು.

ಆ ಶಾಸನವನ್ನು ಪ್ರತಿಭಟಿಸಿ ಬೀಡಿ ತಯಾರಕರು ಹೂಡಿದ ವ್ಯಾಜ್ಯಗಳಲ್ಲಿ 1974ರ ತೀರ್ಪು ಕನ್ನಡ ನಾಡಿಗೆ ನೇರವಾಗಿ ಸಂಬಂಧಪಟ್ಟುದು. ಮಂಗಳೂರು ಗಣೇಶ ಬೀಡಿ ವರ್ಕ್ಸಿನ ಹೆಸರಿನಲ್ಲಿಯೇ ಅದು ಪ್ರಸಿದ್ಧವಾಗಿದೆ. ಸರ್ವೋಚ್ಚ ನ್ಯಾಯಾಲಯವು ಶಾಸನವನ್ನು ಎತ್ತಿಹಿಡಿಯಿತು. ತಳ್ಳುವ ಬೀಡಿಗೆ ನೂರಕ್ಕೆ ಇಷ್ಟೆಂದು ಮಿತಿ ಹಾಕಿದ ನಿಯಮಗಳೂ ಉಳಿದುವು. 1985ರಲ್ಲಿ ಇನ್ನೊಂದು ತೀರ್ಪು ಬಂದು, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯನಿಧಿಯ ಹಕ್ಕುಂಟೆಂದು ಸ್ಥಿರವಾಯಿತು. ಒಡೆಯನು ಪಕ್ಕದಲ್ಲಿ ನಿಂತು ನೋಡದಿದ್ದರೇನು, ಮಾಡಿದ ಕೆಲಸವನ್ನು ತಳ್ಳುವ ಅಧಿಕಾರವು ಅವನ ಕೈಯಲ್ಲಿರುವುದೇ ಸಾಕಷ್ಟು ಹತೋಟಿಯೆಂಬುದು ಆ ತೀರ್ಪಿನ ಸಾರ. 1966ರ ಆ ಶಾಸನವು ಈಗ ಪ್ರತ್ಯೇಕವಾಗಿ ಉಳಿದಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಹಳೆಯ ಹಲವು ಶಾಸನಗಳೊಡನೆ ಅದನ್ನೂ ತೆಗೆದುಹಾಕಿ ಅದರ ಸ್ಥಾನಕ್ಕೆ ಬಂದಿವೆ. ಶಾಸನದ ಹೆಸರು ಬದಲಾದರೂ ಅದರ ಹಿಂದಿದ್ದ ಧರ್ಮಸೂಕ್ಷ್ಮವು ಬದಲಾಗಬೇಕಾದುದಿಲ್ಲ.

ಬೀಡಿಯ ಕಾಲವು ಇಳಿಮುಖವಾಗುತ್ತಿರುವಾಗಲೇ ಅದೇ ಪ್ರಶ್ನೆಯು ಹೊಸ ವೇಷದಿಂದ ಪಟ್ಟಣಗಳಲ್ಲಿ ತಲೆದೋರಿತು. ಕೈಯಲ್ಲಿರುವ ದೂರವಾಣಿಯ ಮೂಲಕ ಬಾಡಿಗೆಯ ಕಾರು ತರಿಸುವುದು, ಊಟ ತರಿಸುವುದು ಇಂದು ಸುಶಿಕ್ಷಿತರ ಮನೆಗಳಲ್ಲಿ ನಿತ್ಯದ ಮಾತು. ಮಳೆಯಲ್ಲಿ ನೆನೆದು ಬಾಗಿಲ ಬಳಿ ನಿಂತ ಹುಡುಗನನ್ನು ಕಂಪೆನಿಯು "ಪಾಲುದಾರ" ಎಂದು ಕರೆಯುವುದು. ಪಾಲುದಾರನೆಂದರೆ ಲಾಭದಲ್ಲಿ ಪಾಲುಳ್ಳವನು. ಈತನಿಗೆ ಲಾಭದ ಲೆಕ್ಕವನ್ನೇ ತೋರಿಸುವುದಿಲ್ಲ. ಬೈಕು, ಪೆಟ್ರೋಲು, ಕೈಕಾಲು ಮುರಿದರೆ ಆಸ್ಪತ್ರೆಯ ಖರ್ಚು ಇವುಗಳಲ್ಲಿ ಮಾತ್ರ ಅವನ ಪಾಲು ದೊಡ್ಡದು. ನೀತಿ ಆಯೋಗವು 2022ರಲ್ಲಿ ಪ್ರಕಟಿಸಿದ ವರದಿಯಂತೆ 2020–21ರಲ್ಲಿ ಭಾರತದಲ್ಲಿ ಇಂಥ ದುಡಿಮೆಗಾರರು ಸುಮಾರು 77 ಲಕ್ಷ. 2029–30ರ ಹೊತ್ತಿಗೆ 2 ಕೋಟಿ 35 ಲಕ್ಷವಾಗಬಹುದೆಂದು ಅದರ ಅಂದಾಜು.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯು ನ್ಯಾಯಾಲಯಗಳ ಮೆಟ್ಟಿಲನ್ನು ಒಂದೊಂದಾಗಿ ಹತ್ತಿತು. ಉಬರ್ ಕಂಪೆನಿಯ ಚಾಲಕರು 2016ರಲ್ಲಿ ಕಾರ್ಮಿಕ ನ್ಯಾಯಮಂಡಲಿಯಲ್ಲಿ ಗೆದ್ದರು. ಕಂಪೆನಿಯು ಮೇಲಿಂದ ಮೇಲೆ ಅಪೀಲು ಹೋಯಿತು. 2021ರ ಫೆಬ್ರವರಿ 19ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕೊನೆಯ ಮಾತನ್ನು ಹೇಳಿತು. ಬಾಡಿಗೆಯನ್ನು ಕಂಪೆನಿಯೇ ಕಟ್ಟುವುದು. ಕರಾರಿನ ಷರತ್ತುಗಳನ್ನು ಕಂಪೆನಿಯೇ ಬರೆಯುವುದು. ಸವಾರಿಯನ್ನು ಪದೇ ಪದೇ ನಿರಾಕರಿಸಿದವನಿಗೆ ಶಿಕ್ಷೆಯುಂಟು. ಪ್ರಯಾಣಿಕರು ಕೊಡುವ ಅಂಕ ಕಡಮೆಯಾದರೆ ಕೆಲಸವೇ ಹೋದೀತು. ಪ್ರಯಾಣಿಕನೊಡನೆ ಚಾಲಕನು ತನ್ನದೇ ಸಂಬಂಧವನ್ನು ಬೆಳೆಸಿಕೊಳ್ಳುವಂತಿಲ್ಲ. ಈ ಕಾರಣಗಳಿಂದ ಅವರು ಕನಿಷ್ಠ ಕೂಲಿಗೂ ರಜೆಯ ವೇತನಕ್ಕೂ ಅರ್ಹರಾದ ಕಾರ್ಮಿಕರೆಂದು ತೀರ್ಪಾಯಿತು. ಆ ತೀರ್ಪಿನಲ್ಲಿ ಎಲ್ಲಕ್ಕಿಂತ ಮನನೀಯವಾದ ಅಂಶವು ಇದು: ದುರ್ಬಲನನ್ನು ರಕ್ಷಿಸುವುದಕ್ಕಾಗಿಯೇ ಹುಟ್ಟಿದ ಶಾಸನವನ್ನು ಅನ್ವಯಿಸುವಾಗ, ಬಲಿಷ್ಠನು ಬರೆದ ಕರಾರುಪತ್ರದಿಂದ ವಿಚಾರವನ್ನು ಪ್ರಾರಂಭಿಸಲಾಗದು. ಹಾಗೆ ಪ್ರಾರಂಭಿಸಿದರೆ ಕಾವಲುಗಾರನನ್ನು ನೇಮಿಸಿ ಬೀಗದ ಕೈಯನ್ನು ಕಳ್ಳನಿಗೆ ಕೊಟ್ಟಂತಾಗುವುದು.

ಕರ್ಣಾಟಕದಲ್ಲಿಯೂ 2025ರಲ್ಲಿ ಇಂಥ ದುಡಿಮೆಗಾರರ ಸಲುವಾಗಿ ಶಾಸನವೊಂದಾಯಿತು. ಪ್ರತಿಯೊಂದು ವ್ಯವಹಾರದಲ್ಲಿಯೂ ದುಡಿಮೆಗಾರನಿಗೆ ಸಲ್ಲುವ ಹಣದ ನೂರಕ್ಕೆ ಒಂದರಿಂದ ಐದರವರೆಗಿನ ಮೊತ್ತವನ್ನು ಕಂಪೆನಿಯು ಕಲ್ಯಾಣನಿಧಿಗೆ ಕೊಡತಕ್ಕದ್ದೆಂದೂ, ಕಾರಣವನ್ನು ಬರೆದು 14 ದಿನಗಳ ಮುನ್ಸೂಚನೆಯನ್ನು ಕೊಡದೆ ಕೆಲಸದಿಂದ ತೆಗೆಯಲಾಗದೆಂದೂ ಅದರಲ್ಲಿ ವಿಧಿಸಿದೆ. ಇದು ಶ್ಲಾಘ್ಯವಾದ ಹೆಜ್ಜೆ. ಯಾಜ್ಞವಲ್ಕ್ಯನು ಹೊರೆಯಾಳಿನ ವಿಷಯದಲ್ಲಿ, ಅರ್ಧದಾರಿಯಲ್ಲಿ ಹೊರೆಯನ್ನಿಳಿಸಿ ಬಿಟ್ಟುಹೋದ ಆಳು ಪೂರ್ಣ ಕೂಲಿಯನ್ನು ತೆರಬೇಕೆಂದು ಹೇಳಿ, ಅರ್ಧದಾರಿಯಲ್ಲಿ ಆಳನ್ನು ಬಿಡಿಸಿದ ಒಡೆಯನಿಗೂ ಅದೇ ವಿಧಿಯೆಂದನು. ಕಾರಣ ಹೇಳದೆ ಒಂದು ಬೆಳಗ್ಗೆ ಚಾಲಕನ ಲೆಕ್ಕವನ್ನು ಮುಚ್ಚಿಬಿಡುವುದು ಅರ್ಧದಾರಿಯಲ್ಲಿ ಬಿಡಿಸುವುದಲ್ಲದೆ ಬೇರೇನು? ಕಾರಿನ ಸಾಲದ ಕಂತು ಮಾತ್ರ ಹಾಗೆ ಮುಚ್ಚಿಹೋಗುವುದಿಲ್ಲ. ಆದರೆ ಈ ಹೊಸ ಶಾಸನಗಳೂ ದುಡಿಮೆಗಾರನಿಗೆ ಕಲ್ಯಾಣವನ್ನು ಕೊಟ್ಟುವೇ ಹೊರತು ಆತನು ಯಾರೆಂಬ ಮೂಲಪ್ರಶ್ನೆಗೆ ಉತ್ತರ ಕೊಡಲಿಲ್ಲ. ಒಡೆಯ ಮತ್ತು ನೌಕರರೆಂಬ ಸಂಬಂಧದ ಹೊರಗೆ ಆತನಿಗೊಂದು ಚಾವಡಿಯನ್ನು ಕಟ್ಟಿಕೊಟ್ಟವು.

ಇದಕ್ಕೆ ಪ್ರತಿಯಾಗಿ ಹೇಳುವವರ ಪೂರ್ವಪಕ್ಷವನ್ನೂ ಆದರದಿಂದ ಕೇಳಬೇಕು. ಮೊದಲನೆಯ ಆಕ್ಷೇಪಣೆಯು ಸಮ್ಮತಿಯದು. ಆತನೇ ಒಪ್ಪಿ ರುಜುಮಾಡಿರುವಾಗ ಮೂರನೆಯವರು ಅನ್ಯಾಯವೆನ್ನುವುದೇಕೆ? ಇದಕ್ಕೆ ಉತ್ತರವು 1982ರ ಒಂದು ತೀರ್ಪಿನಲ್ಲಿ ದೊರೆಯುವುದು. ಆ ವರ್ಷ ದಿಲ್ಲಿಯಲ್ಲಿ ಏಷ್ಯಾ ಕ್ರೀಡಾಕೂಟಕ್ಕಾಗಿ ಕಟ್ಟಡಗಳು ಏಳುತ್ತಿದ್ದಾಗ, ಕೂಲಿಯವರಿಗೆ ಸಲ್ಲಬೇಕಾದ ದಿನಗೂಲಿ 9 ರೂಪಾಯಿ 25 ಪೈಸೆ. ಅದರಲ್ಲಿ ಒಂದು ರೂಪಾಯಿಯನ್ನು ಜಮಾದಾರರು ಮುರಿದುಕೊಳ್ಳುತ್ತಿದ್ದರು. ಕೂಲಿಯವರು ಒಪ್ಪಿಯೇ ದುಡಿಯುತ್ತಿದ್ದರು. ಆದರೂ ಸರ್ವೋಚ್ಚ ನ್ಯಾಯಾಲಯವು ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಯಿಸುವುದು ಸಂವಿಧಾನದ 23ನೆಯ ಅನುಚ್ಛೇದವು ನಿಷೇಧಿಸಿದ ಬಲಾತ್ಕಾರದ ದುಡಿಮೆಯೇ ಎಂದು ಹೇಳಿತು. ಬಲಾತ್ಕಾರವು ದೊಣ್ಣೆಯಿಂದಲೇ ಆಗಬೇಕೆಂದಿಲ್ಲ, ಹಸಿವೆಯೂ ಬಲಾತ್ಕಾರವೇ ಎಂಬುದು ಅದರ ತಾತ್ಪರ್ಯ. ಸಮ್ಮತಿಯೆಂಬುದು ಬೇಡವೆನ್ನುವ ಶಕ್ತಿಯುಳ್ಳವನ ಬಾಯಲ್ಲಿ ಮಾತ್ರ ಸಾರ್ಥಕ.

ಎರಡನೆಯ ಆಕ್ಷೇಪಣೆಯು ಸ್ವಾತಂತ್ರ್ಯದ್ದು. ಬೀಡಿ ಕಟ್ಟುವವಳು ತನಗೆ ಬಿಡುವಾದಾಗ ಕಟ್ಟುವಳು. ಚಾಲಕನು ಇಷ್ಟವಾದಾಗ ಹೊರಡುವನು. ಮೇಸ್ತ್ರಿಯ ಕಾಟವಿಲ್ಲ, ಗಂಟೆಯ ಕಾಟವಿಲ್ಲ. ಈ ಮಾತಿನಲ್ಲಿ ಸತ್ಯಾಂಶವಿದೆ; ಎಳೆಮಗುವನ್ನು ಬಿಟ್ಟು ಕಾರ್ಖಾನೆಗೆ ಹೋಗಲಾರದ ತಾಯಿಗೆ ಮನೆಯ ಕೆಲಸವು ವರವೇ ಸರಿ. ಆದರೆ ವೇಳೆಯ ಸ್ವಾತಂತ್ರ್ಯವು ಬೇರೆ, ಬೆಲೆಯ ಸ್ವಾತಂತ್ರ್ಯವು ಬೇರೆ. ಬೆಲೆಯು ಇನ್ನೊಬ್ಬನ ಕೈಯಲ್ಲಿದ್ದು ವೇಳೆಯು ಮಾತ್ರ ತನ್ನ ಕೈಯಲ್ಲಿದ್ದರೆ, ಸಂಸಾರಕ್ಕೆ ಸಾಲದ ಕೂಲಿಯನ್ನು ತುಂಬಿಕೊಳ್ಳುವುದಕ್ಕೆ ಹೆಚ್ಚು ವೇಳೆ ದುಡಿಯುವುದೊಂದೇ ಆ ಸ್ವಾತಂತ್ರ್ಯದ ಉಪಯೋಗ. ಅಡುಗೆಮನೆಯ ಕೆಲಸವೆಲ್ಲ ಮುಗಿದ ಮೇಲೆ ನಡುರಾತ್ರಿಯವರೆಗೆ ಮೊರದ ಮುಂದೆ ಕುಳಿತವಳನ್ನು ಯಾವ ಮೇಸ್ತ್ರಿಯೂ ಕೂರಿಸಲಿಲ್ಲ, ನಿಜ. ಸಾವಿರದ ಲೆಕ್ಕವು ಕೂರಿಸಿತು. ಅಲ್ಲದೆ, ವೇಳೆಯ ಸಡಿಲಿಕೆಯನ್ನು ಕೊಟ್ಟವನು ಉಳಿದ ಹಕ್ಕುಗಳನ್ನು ಕಸಿದುಕೊಳ್ಳಲೇಬೇಕೆಂಬ ನಿಯಮವೆಲ್ಲಿದೆ?

ಮೂರನೆಯದು ನಷ್ಟದ ಆಕ್ಷೇಪಣೆ. ಇಷ್ಟೆಲ್ಲ ಹೊಣೆಯನ್ನು ಹೊರಿಸಿದರೆ ವ್ಯಾಪಾರವು ಮುಚ್ಚಿಹೋಗಿ ಇದ್ದ ಕೂಲಿಯೂ ತಪ್ಪುವುದೆಂದು ಕೆಲವರು ಹೆದರಿಸುವರು. ಈ ಭಯವನ್ನು ಹಗುರವಾಗಿ ಕಾಣಲಾಗದು. ಮುಚ್ಚಿದ ಬ್ರಾಂಚಿನ ಮುಂದೆ ಖಾಲಿ ಚೀಲ ಹಿಡಿದು ನಿಂತವಳಿಗೆ ನ್ಯಾಯಶಾಸ್ತ್ರದಿಂದ ಹೊಟ್ಟೆ ತುಂಬದು. ಆದುದರಿಂದ ಹೊಣೆಯನ್ನು ಕ್ರಮಕ್ರಮವಾಗಿ ಹೊರಿಸುವುದು, ಸಣ್ಣ ವ್ಯಾಪಾರಿಗೂ ದೊಡ್ಡ ಕಂಪೆನಿಗೂ ಭೇದವನ್ನೆಣಿಸುವುದು ವಿವೇಕವೇ. ಆದರೆ ಸಾಲವನ್ನು ತೀರಿಸಲು ಕಾಲಾವಕಾಶ ಕೇಳುವುದು ಒಂದು, ಸಾಲವೇ ಇಲ್ಲವೆನ್ನುವುದು ಇನ್ನೊಂದು. ದುಡಿದವರ ಬಾಕಿಯನ್ನು ಕೊಟ್ಟರೆ ನಿಲ್ಲಲಾರೆನೆನ್ನುವ ವ್ಯಾಪಾರವು ಆವರೆಗೆ ನಡೆದುದು ಯಾರ ಬಂಡವಾಳದಿಂದ ಎಂಬುದನ್ನು ತಾನೇ ಹೇಳಿದಂತಾಯಿತು.

ನಿಜವಾಗಿ ಸ್ವತಂತ್ರರಾದ ಗುತ್ತಿಗೆದಾರರೂ ಇರುವರು. ಎಲ್ಲರನ್ನೂ ನೌಕರರೆಂದು ಕರೆಯುವುದೂ ಲಕ್ಷಣದೋಷವೇ. ಬಾವಿ ತೋಡುವ ಗುತ್ತಿಗೆಯನ್ನು ಹಿಡಿದ ಒಡ್ಡರ ಯಜಮಾನನು, ಹತ್ತು ಮನೆಗಳಿಗೆ ಬಾಗಿಲು ಕಿಟಕಿ ಮಾಡಿಕೊಡುವ ಬಡಗಿಯು, ತಮ್ಮ ಬೆಲೆಯನ್ನು ತಾವೇ ಹೇಳಬಲ್ಲರು. ಸಂದೇಹವು ಬಂದಾಗ ಪ್ರಮಾಣದ ಭಾರವು ಯಾರ ಮೇಲಿರಬೇಕು? ಅಮೆರಿಕದ ಕ್ಯಾಲಿಫೋರ್ನಿಯಾದ ನ್ಯಾಯಾಲಯವು 2018ರಲ್ಲಿ, ದುಡಿಯುವವನು ಕಾರ್ಮಿಕನೆಂದೇ ಮೊದಲು ಭಾವಿಸಿ, ಅಲ್ಲವೆಂಬುದನ್ನು ದುಡಿಸುವವನು ಸಾಧಿಸಬೇಕೆಂದು ವಿಧಿಸಿತು. ಅಲ್ಲಿಯ ವಾಹನ ಕಂಪೆನಿಗಳು ಅಪಾರ ದ್ರವ್ಯವನ್ನು ಚೆಲ್ಲಿ, 2020ರಲ್ಲಿ ಜನಮತದ ಮೂಲಕ ತಮಗೆ ವಿನಾಯಿತಿಯನ್ನು ಪಡೆದುವು. 2024ರಲ್ಲಿ ಅದು ಊರ್ಜಿತವೂ ಆಯಿತು. ವಿನಾಯಿತಿಯು ಶಾಸನಬದ್ಧವಾಗಿರಬಹುದು, ಆದರೆ ಲೆಕ್ಕಪತ್ರಗಳು, ಬೆಲೆ ಕಟ್ಟುವ ಗುಟ್ಟು, ವಕೀಲರು ಎಲ್ಲವೂ ಯಾರ ಕೈಯಲ್ಲಿರುವುವೋ ಅವರೇ ಪ್ರಮಾಣವನ್ನು ಒದಗಿಸತಕ್ಕವರೆಂಬ ಮೊದಲಿನ ನಿಯಮವೇ ನ್ಯಾಯಬುದ್ಧಿಗೆ ಒಪ್ಪುವುದು.

ಹೆಸರಿನ ಈ ಮಾಯೆಯು ವ್ಯಾಪಾರಿಗಳಲ್ಲಿ ಮಾತ್ರ ಇದೆಯೆಂದು ಭಾವಿಸಿದರೆ ಪ್ರಮಾದ. ಸರಕಾರವೂ ಇದರಿಂದ ಮುಕ್ತವಲ್ಲ. 1975ರಲ್ಲಿ ಪ್ರಾರಂಭವಾದ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಮೊದಲ ಕ್ಷೇತ್ರಗಳಲ್ಲೊಂದು. ಅಂಗನವಾಡಿಯ ಕಾರ್ಯಕರ್ತೆಗೆ ಕೊಡುವ ಹಣದ ಹೆಸರು ವೇತನವಲ್ಲ, "ಗೌರವಧನ". ಗೌರವವೆಂಬ ಶಬ್ದವನ್ನು ಸೇರಿಸಿದುದರಿಂದ ಹಣವು ಕಡಮೆಯಾಯಿತೇ ವಿನಾ ಗೌರವವು ಹೆಚ್ಚಲಿಲ್ಲ. ಕರ್ಣಾಟಕದ ಮೊಕದ್ದಮೆಯೊಂದರಲ್ಲಿಯೇ 2006ರಲ್ಲಿ, ಅವರು ಸರಕಾರಿ ಹುದ್ದೆಯವರಲ್ಲವೆಂದು ತೀರ್ಪಾಯಿತು; 2022ರಲ್ಲಿ ಗುಜರಾತಿನ ಮೊಕದ್ದಮೆಯೊಂದರಲ್ಲಿ ಅವರಿಗೆ ಉಪದಾನದ ಹಕ್ಕುಂಟೆಂದು ಅದೇ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಕಾಲೇಜುಗಳಲ್ಲಿ ವರ್ಷ ವರ್ಷವೂ ಅದೇ ಪಾಠವನ್ನು ಹೇಳುವ ಉಪನ್ಯಾಸಕರನ್ನು "ಅತಿಥಿ"ಗಳೆಂದು ಕರೆಯುವುದುಂಟು. ತಿಥಿಯನ್ನು ನಿಶ್ಚಯಿಸದೆ ಬಂದು ಹೋಗುವವನು ಅತಿಥಿ. ಹತ್ತು ವರ್ಷ ನಿತ್ಯವೂ ಹಾಜರಿ ಹಾಕಿ, ಉತ್ತರಪತ್ರಿಕೆಗಳನ್ನು ತಿದ್ದಿ, ಬೇಸಗೆಯ ರಜೆಯಲ್ಲಿ ಮಾತ್ರ ಸಂಬಳವಿಲ್ಲದೆ ಉಳಿಯುವವನು ಯಾವ ಕೋಶದ ಪ್ರಕಾರ ಅತಿಥಿ?

ಇನ್ನು ಗೃಹಸ್ಥರ ಮನೆಗಳ ವಿಷಯ. ಪಾತ್ರೆ ತೊಳೆದು ನೆಲ ಸಾರಿಸುವ ಹೆಂಗಸನ್ನು "ನಮ್ಮ ಮನೆಯವಳಂತೆಯೇ" ಎಂದು ಬಂಧುಗಳ ಮುಂದೆ ಹೊಗಳುವ ಯಜಮಾನಿತಿಯರು ಎಲ್ಲ ಊರುಗಳಲ್ಲಿಯೂ ಇರುವರು. ಆ ಮಾತು ಬಹುಮಟ್ಟಿಗೆ ಅಕ್ಕರೆಯಿಂದಲೇ ಹುಟ್ಟಿದುದು. ಆದರೆ ಅವಳು ಮಗುವಿನ ಜ್ವರಕ್ಕಾಗಿ ನಾಲ್ಕು ದಿನ ಬಾರದಿದ್ದರೆ ತಿಂಗಳ ಕೊನೆಯಲ್ಲಿ ನಾಲ್ಕು ದಿನದ ಹಣವನ್ನು ಹಿಡಿಯುವರು. ಯಜಮಾನರು ಯಾತ್ರೆಗೆ ಹೋಗಿ ಮನೆಗೆ ಬೀಗ ಹಾಕಿದ ದಿನಗಳಿಗೂ ಹಣವನ್ನು ಹಿಡಿಯುವರು. ಲೆಕ್ಕ ಹಿಡಿಯುವಾಗ ಅವಳು ಕೂಲಿಯವಳು. ಹಬ್ಬದ ದಿನ ಎರಡು ಗಂಟೆ ಹೆಚ್ಚು ದುಡಿಯಬೇಕಾದಾಗ, ಸಂಬಳ ಹೆಚ್ಚಿಸೆಂದು ಅವಳು ಕೇಳಿದಾಗ, ಮನೆಯವಳು. ಬೀಡಿಯ ಕಂಪೆನಿಯು ಆಳನ್ನು ವ್ಯಾಪಾರಿಯೆಂದು ಕರೆದು ಉಳಿಸಿಕೊಂಡುದನ್ನೇ ಇಲ್ಲಿ ಬಂಧುವೆಂದು ಕರೆದು ಉಳಿಸಿಕೊಂಡಂತಾಯಿತು. ಹಬ್ಬಕ್ಕೊಂದು ಸೀರೆಯನ್ನು ಕೊಡುವುದು ಒಳ್ಳೆಯದೇ. ಆದರೆ ದಾನವು ಋಣ ತೀರಿದ ಮೇಲಿನ ಮಾತು. ಸಲ್ಲಬೇಕಾದುದನ್ನು ಹಿಡಿದಿಟ್ಟುಕೊಂಡು ಅದರಲ್ಲೊಂದು ಪಾಲನ್ನು ದಾನವೆಂದು ಕೊಟ್ಟರೆ ಪುಣ್ಯದ ಲೆಕ್ಕವೂ ಸುಳ್ಳಾಗುವುದು.

ಸಂಸ್ಕೃತದಲ್ಲಿ ಕೂಲಿಗೆ ಭೃತಿಯೆಂದು ಹೆಸರು. ಹೊರು, ಪೋಷಿಸು ಎಂಬರ್ಥದ ಭೃ ಧಾತುವಿನಿಂದ ಹುಟ್ಟಿದ ಶಬ್ದ. ಭೃತ್ಯನೆಂದರೆ ಪೋಷಿಸಲ್ಪಡಬೇಕಾದವನು. ದುಡಿಸಿಕೊಂಡವನು ದುಡಿದವನ ಭಾರವನ್ನು ಸ್ವಲ್ಪವಾದರೂ ಹೊರತಕ್ಕವನೆಂಬ ಭಾವವು ಆ ಶಬ್ದದ ಹೊಟ್ಟೆಯಲ್ಲಿಯೇ ಇದೆ. ದಿನದ ದುಡಿಮೆಗೆ ದಿನದ ಹಣವನ್ನೆಸೆದು, ರೋಗಕ್ಕೂ ಮುಪ್ಪಿಗೂ ನೀನೇ ಹೊಣೆಯೆನ್ನುವುದು ಭೃತಿಯ ಅರ್ಧವನ್ನು ಮಾತ್ರ ಕೊಟ್ಟಂತೆ. ಹೊಸ ಹೆಸರುಗಳೆಲ್ಲವೂ ಉಳಿದ ಆ ಅರ್ಧವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಹುಟ್ಟಿದುವು.

ಆದುದರಿಂದ ಸಿದ್ಧಾಂತವು ಹೀಗೆ ನಿಲ್ಲುವುದು. ಹೆಸರು ಸಂಬಂಧವನ್ನು ಸೂಚಿಸಬಲ್ಲದು, ಸೃಷ್ಟಿಸಲಾರದು. ಸಂಬಂಧವು ದುಡಿಮೆಯಿಂದ ಹುಟ್ಟುವುದು. ಯಾರ ಗಿರಾಕಿಗಾಗಿ, ಯಾರು ಕಟ್ಟಿದ ಬೆಲೆಗೆ, ಯಾರ ಇಷ್ಟಾನಿಷ್ಟಕ್ಕೆ ಒಳಪಟ್ಟು ಒಬ್ಬನು ದುಡಿದನೋ ಅವರು ಅವನ ಒಡೆಯರು. ಕಾಗದದಲ್ಲಿ ಏನೇ ಬರೆದಿರಲಿ, ಅವರ ಋಣವು ನಿಂತೇ ಇರುವುದು. ಇದನ್ನು ನಿರ್ಣಯಿಸುವುದಕ್ಕೆ ನ್ಯಾಯಾಲಯಗಳು ಇರಲಿ, ಶಾಸನಗಳು ಇರಲಿ. ಆದರೆ ನ್ಯಾಯಾಲಯವು ಹೇಳುವ ಹೊತ್ತಿಗೆ ಬೀಡಿ ಕಟ್ಟುತ್ತಿದ್ದವಳು ಮುದುಕಿಯಾ‌ಗಿರುವಳು. ಅಗರಿಯನ ಮಗನೂ ಉಪ್ಪಿನ ಪಾತಿಗೆ ಇಳಿದಿರುವನು. ಅಷ್ಟರವರೆಗೆ ಕಾಯದೆ, ತಿಂಗಳ ಮೊದಲ ದಿನ ಕೈಯಿಂದ ಹಣವನ್ನು ಎಣಿಸಿ ಕೊಡುವ ಪ್ರತಿಯೊಬ್ಬನೂ, ಎಣಿಸುವ ಮುನ್ನ ಎದುರಿಗೆ ನಿಂತವರನ್ನು ತಾನು ಯಾವ ಹೆಸರಿನಿಂದ ಕರೆಯುತ್ತಿರುವನು, ಆ ಹೆಸರಿನಿಂದ ತನಗೆ ಉಳಿತಾಯವಾಗುತ್ತಿರುವುದೆಷ್ಟು ಎಂದು ಲೆಕ್ಕ ಹಾಕಿ ನೋಡಬಹುದು. ಉಳಿತಾಯವೇನಾದರೂ ಕಂಡುಬಂದರೆ ಅದು ತನ್ನದಲ್ಲವೆಂದು ತಿಳಿದು, ಆ ದಿನವೇ ಅವರ ಕೈಗೆ ಸಲ್ಲಿಸುವುದು ಧರ್ಮ.